ತೂತಿನ ಪೆನ್ನಿ, ಕರಗಿದ ಡಾಲರ್

ಬ್ರಿಟನ್ನಿನ ಎಂಟನೇ ಎಡ್ವರ್ಡ್ ರಾಜನಾಗಿದ್ದದ್ದು 1936ರ ಜನವರಿ 20ರಿಂದ ಡಿಸೆಂಬರ್ 11ರವರೆಗೆ. ಒಂದು ವರ್ಷವೂ ತುಂಬಲಿಲ್ಲ. ಮದುವೆಯ ಕಾರಣಕ್ಕೆ ಆತ ಪಟ್ಟ ತೊರೆದಾಗ, ಆತನ ಮುಖವಿದ್ದ ನಾಣ್ಯಗಳು ಲಂಡನ್ನಿನ ಟಂಕಸಾಲೆಯಲ್ಲಿ ಇನ್ನೂ ಪರೀಕ್ಷೆಯ ಹಂತದಲ್ಲಿದ್ದವು. ಬ್ರಿಟನ್ನಿನ ಪೇಟೆಗಳಿಗೆ ಅವು ಬರಲೇ ಇಲ್ಲ. ನಮ್ಮಲ್ಲಿ 1936ರ ಕಾಲಾಣೆಗಳು ತೀರಿಹೋಗಿದ್ದ ಐದನೇ ಜಾರ್ಜನ ಮುಖವನ್ನೇ ಹೊತ್ತು ಬಂದವು. ಎಡ್ವರ್ಡನ ಹೆಸರನ್ನು ನಾಣ್ಯದ ಮೇಲೆ ಹಾಕಿಸಿದ ಭಾರತೀಯ ಸಂಸ್ಥಾನಗಳಲ್ಲಿ ಕಛ್ ಒಂದು.

ಆದರೆ ಪೆಸಿಫಿಕ್ ಸಾಗರದ ನ್ಯೂಗಿನಿ ಮತ್ತು ಫಿಜಿಯಲ್ಲಿ ಆ ರಾಜನ ಹೆಸರಿನ ಪೆನ್ನಿಗಳು ಆ ವರ್ಷವೇ ಜನರ ಕೈ ಸೇರಿದವು. ಕಾರಣ ತೀರಾ ಸರಳ. ಆ ಪೆನ್ನಿಗಳ ನಟ್ಟನಡುವೆ ತೂತಿತ್ತು. ರಾಜನ ಮುಖ ಬಿಡಿಸಲು ಅಲ್ಲಿ ಜಾಗವೇ ಇರಲಿಲ್ಲ. ಭಾವಚಿತ್ರ ಬಿಡಿಸುವ ಕಲಾವಿದ, ರಾಜನ ಒಪ್ಪಿಗೆ, ಮಾದರಿ ಅಚ್ಚು, ತಿದ್ದುಪಡಿ ಇವೆಲ್ಲ ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಬರೀ ಹೆಸರಿನ ಅಕ್ಷರ ಬದಲಿಸುವುದು ಅಷ್ಟು ಕಷ್ಟವಲ್ಲ. ಪೂರ್ವ ಮತ್ತು ಪಶ್ಚಿಮ ಆಫ್ರಿಕದ ಬ್ರಿಟಿಷ್ ವಸಾಹತುಗಳ ತೂತಿನ ನಾಣ್ಯಗಳಲ್ಲೂ ಹೀಗೇ ಆಯಿತು.

ಇಷ್ಟು ಒಳ್ಳೆಯ ಕಥೆಯಿರುವ ನ್ಯೂಗಿನಿಯ ಪೆನ್ನಿ ಎಷ್ಟು ದುಬಾರಿ ಇರಬೇಕು? ದುಬಾರಿಯೇ ಅಲ್ಲ. ಅಂಥವು 3,60,000 ತಯಾರಾಗಿದ್ದವು, ಬಹಳಷ್ಟು ಉಳಿದೂ ಇವೆ. ಸಾಧಾರಣ ಸ್ಥಿತಿಯ ಒಂದು ಪೆನ್ನಿ ಇವತ್ತಿಗೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೇ ನ್ಯೂಗಿನಿಗೆಂದು 1929ರಲ್ಲಿ ಟಂಕಿಸಿದ ಪೆನ್ನಿ ಮತ್ತು ಅರ್ಧ ಪೆನ್ನಿಗಳ ಹೆಸರನ್ನೇ ಹೆಚ್ಚಿನವರು ಕೇಳಿರುವುದಿಲ್ಲ. ಪೆನ್ನಿಗಳು 63,000, ಅರ್ಧ ಪೆನ್ನಿಗಳು 25,000 ತಯಾರಾಗಿದ್ದವು. ಚಲಾವಣೆಗೆ ಸರಿಹೊಂದುವುದಿಲ್ಲವೆಂದು ಅವನ್ನು ಮೆಲ್ಬರ್ನ್ ಟಂಕಸಾಲೆಗೆ ಮರಳಿಸಿ ಕರಗಿಸಲಾಯಿತು. ಉಳಿದದ್ದು ಒಂದೊಂದರಲ್ಲಿ ಸುಮಾರು ನಾನೂರು. ಇವು ಕಾಣಸಿಗುವುದು ಹೆಚ್ಚಾಗಿ ಹರಾಜುಗಳಲ್ಲಿ.

ಬೆಲೆ ಕಟ್ಟುವ ವಿದ್ಯೆಯ ತಿರುಳೆಲ್ಲ ಈ ಎರಡು ಪೆನ್ನಿಗಳ ನಡುವಿನ ಅಂತರದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಾಣ್ಯ ಎಷ್ಟು ಹಳೆಯದು, ಎಷ್ಟು ಚೆಂದವಾಗಿದೆ ಎಂಬುದು ಬೆಲೆಯನ್ನು ತೀರ್ಮಾನಿಸುವುದಿಲ್ಲ. ಎಷ್ಟು ಟಂಕಿಸಿದರು ಎಂಬ ಲೆಕ್ಕವೂ ಅರ್ಧ ಮಾತ್ರ ಹೇಳುತ್ತದೆ. ಎಷ್ಟು ಉಳಿದವು, ಯಾವ ಸ್ಥಿತಿಯಲ್ಲಿ ಉಳಿದವು, ಅವನ್ನು ಬಯಸುವವರು ಎಷ್ಟು ಮಂದಿ ಎಂಬುದನ್ನು ಕೇಳಬೇಕು. ಪೆಸಿಫಿಕ್ ದ್ವೀಪಗಳ ನಾಣ್ಯಗಳು ಈ ಪಾಠ ಕಲಿಯಲು ಹೇಳಿ ಮಾಡಿಸಿದಂತಿವೆ. ಅಲ್ಲಿ ಚಿಕ್ಕ ಸಂಖ್ಯೆಯ ಟಂಕಣೆ, ಯುದ್ಧ, ವಸಾಹತುಗಳ ಕೈಬದಲಾವಣೆ, ಕರಗಿಸುವ ಆದೇಶಗಳು ಒಂದರ ಮೇಲೊಂದು ಬಂದಿವೆ.

ಮೊದಲು ನಾಣ್ಯದ ಮೇಲಿನ ಬರಹ ಓದೋಣ. ಫಿಜಿಗೆ ತನ್ನದೇ ನಾಣ್ಯ ಬಂದದ್ದು 1934ರಲ್ಲಿ. ಅದಕ್ಕೆ ಮೊದಲು ಅಲ್ಲಿ ಓಡಾಡುತ್ತಿದ್ದದ್ದು ಬ್ರಿಟಿಷ್ ಮತ್ತು ಆಸ್ಟ್ರೇಲಿಯದ ಬೆಳ್ಳಿ. ಈ ಒಂದು ಇಸವಿ ನೆನಪಿದ್ದರೆ ಅನೇಕ ಗೊಂದಲಗಳು ತೀರುತ್ತವೆ. 1879ರಲ್ಲಿ ಲಿಯೊನಿಡಾಸ್ ಹಡಗಿನಿಂದ ಶುರುವಾಗಿ 1916ರವರೆಗೆ ಭಾರತದಿಂದ ಅರವತ್ತು ಸಾವಿರ ಜನ ಗಿರ್ಮಿಟ್ ಕರಾರಿನ ಮೇಲೆ ಫಿಜಿಯ ಕಬ್ಬಿನ ಗದ್ದೆಗಳಿಗೆ ಹೋದರು. 1903ರ ನಂತರ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಕರಾರಿನಂತೆ ಗಂಡಸಿಗೆ ದಿನದ ಕೆಲಸಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಹೀಗಾಗಿ, ಮುತ್ತಜ್ಜನ ಗಿರ್ಮಿಟ್ ಕೂಲಿಯೆಂದು ಯಾವುದಾದರೂ ಮನೆಯಲ್ಲಿ ಫಿಜಿಯ ಶಿಲಿಂಗ್ ತೋರಿಸಿದರೆ ಅದು ಆ ಕಾಲದ್ದಾಗಿರಲಾರದು. ಆ ಕೂಲಿ ಬಂದದ್ದು ಬೇರೆ ದೇಶದ ಶಿಲಿಂಗಿನಲ್ಲಿ. ಕುಟುಂಬದ ನೆನಪಿಗೆ ಇದರಿಂದ ಕುಂದೇನೂ ಇಲ್ಲ. ಕರಾರು ಮುಗಿಸಿ ಅಲ್ಲೇ ನೆಲೆ ನಿಂತವನು ಮುಂದೆ ಗಳಿಸಿದ ಶಿಲಿಂಗ್ ಅದಾಗಿರಬಹುದು, ಅದಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಬರಹದಲ್ಲಿ ಭಾರತ ಇನ್ನೊಂದು ರೀತಿಯಲ್ಲೂ ಅಡಗಿದೆ. ಫಿಜಿಯ ಹಳೆಯ ಪೆನ್ನಿಗಳಲ್ಲಿ ರಾಜನ ಹೆಸರಿನ ಮುಂದೆ ‘ಕಿಂಗ್ ಎಂಪರರ್’ ಎಂದಿದೆ. ಅಲ್ಲಿ ಎಂಪರರ್ ಅಂದರೆ ಭಾರತದ ಚಕ್ರವರ್ತಿ. ನ್ಯೂಗಿನಿಯ ಶಿಲಿಂಗಿನಲ್ಲೂ ಅದೇ ಬಿರುದು ಲ್ಯಾಟಿನ್ ಸಂಕ್ಷೇಪದಲ್ಲಿದೆ. ಭಾರತ ಸ್ವತಂತ್ರವಾದ ಮೇಲೆ, 1948ರ ಜೂನ್‌ನಲ್ಲಿ, ಆರನೇ ಜಾರ್ಜ್ ಆ ಬಿರುದನ್ನು ಬಿಟ್ಟ. 1949ರಿಂದ ಫಿಜಿಯ ಪೆನ್ನಿಯಲ್ಲಿ ಉಳಿದದ್ದು ರಾಜನೆಂಬ ಪದವಿ ಮಾತ್ರ. ಸವೆದು ಇಸವಿ ಕಾಣದ ಪೆನ್ನಿಯೊಂದು ಕೈಗೆ ಬಂದರೆ ‘ಎಂಪರರ್’ ಎಂಬ ಪದ ಹುಡುಕಿ. ಅದಿದ್ದರೆ ನಾಣ್ಯ 1949ಕ್ಕಿಂತ ಹಿಂದಿನದು.

ಎಲಿಜಬೆತ್ ರಾಣಿಯ ಕಾಲದ ನಾಣ್ಯಗಳಿಗೆ ಮುಖವೇ ಕ್ಯಾಲೆಂಡರ್. 1953ರಿಂದ ಮೇರಿ ಗಿಲಿಕ್ ರೂಪಿಸಿದ ಎಳೆಯ ಮುಖ, ಅರವತ್ತರ ದಶಕದ ನಡುವಿನಿಂದ ಆರ್ನಲ್ಡ್ ಮಾಚಿನ್ ಅವರದು, 1985ರಿಂದ ರಾಫೆಲ್ ಮಾಕ್ಲೌಫ್ ಅವರದು, 1998ರಿಂದ ಇಯಾನ್ ರ‍್ಯಾಂಕ್ ಬ್ರಾಡ್ಲಿ ಅವರದು. ದ್ವೀಪಗಳು ಇವನ್ನು ಕೆಲವು ವರ್ಷ ಹಿಂದುಮುಂದಾಗಿ ಅಳವಡಿಸಿಕೊಂಡವು. ಫಿಜಿಯಂತೂ 1987ರಲ್ಲೇ ಗಣರಾಜ್ಯವಾದರೂ ರಾಣಿಯ ಮುಖವನ್ನು 2012ರವರೆಗೆ ಬಿಡಲಿಲ್ಲ; ಆಮೇಲಷ್ಟೇ ಅಲ್ಲಿನ ಜೀವಿಗಳು ನಾಣ್ಯದ ಮೇಲೆ ಬಂದವು. ಹಾಗಾಗಿ ರಾಣಿಯ ಮುಖವಿದೆಯೆಂದ ಮಾತ್ರಕ್ಕೆ ದೇಶ ಆಗ ರಾಣಿಯ ಆಳ್ವಿಕೆಯಲ್ಲಿತ್ತೆಂದು ತಿಳಿಯಬಾರದು.

ಇನ್ನೊಂದು ಬದಿಯಲ್ಲಿ ದೇಶದ ಗುರುತು ಸಿಗುತ್ತದೆ. ಫಿಜಿಯ 1969ರ ಒಂದು ಸೆಂಟಿನಲ್ಲಿ ಯಂಗೋನ ಪಾನೀಯ ಕಲೆಸುವ ‘ತಾನೋಅ’ ಬೋಗುಣಿ, 20 ಸೆಂಟಿನಲ್ಲಿ ತಿಮಿಂಗಿಲದ ಹಲ್ಲು ‘ತಂಬುವ’. ಪಾಪುವಾ ನ್ಯೂಗಿನಿ 1975ರಲ್ಲಿ ಕೀನಾ ಎಂಬ ಹಣವನ್ನು ತಂದಾಗ ಅದರ ಒಂದು ಕೀನಾ ನಾಣ್ಯಕ್ಕೆ ಮತ್ತೆ ನಡುವೆ ತೂತು ಇಟ್ಟು ಮೊಸಳೆಗಳನ್ನು ಬಿಡಿಸಿತು. ತುವಾಲು 1976ರಲ್ಲಿ ಒಂಬತ್ತು ಮೂಲೆಯ ಡಾಲರಿಗೆ ಆಮೆಯನ್ನೂ 50 ಸೆಂಟಿಗೆ ಅಷ್ಟಪದಿಯನ್ನೂ ಇರಿಸಿತು. ಕುಕ್ ದ್ವೀಪಗಳ ಡಾಲರಿನಲ್ಲಿ ತಂಗಾರೋಅ ದೇವರು. ಅಳತೆಗಳನ್ನು ಮಾತ್ರ ನಂಬಬೇಡಿ. ಫಿಜಿಯ ಹಳೆಯ ಇಪ್ಪತ್ತು ಸೆಂಟು ಆಸ್ಟ್ರೇಲಿಯದ ಇಪ್ಪತ್ತು ಸೆಂಟಿನಷ್ಟೇ ಅಗಲ, ಅಷ್ಟೇ ತೂಕವಿತ್ತು. ಎರಡೂ ಹಳೆಯ ಎರಡು ಶಿಲಿಂಗಿನ ಫ್ಲಾರಿನ್‌ನಿಂದ ಅಳತೆ ಪಡೆದವು. ಆಸ್ಟ್ರೇಲಿಯದಿಂದ ಬಂದ ಚಿಲ್ಲರೆಯ ಚೀಲದಲ್ಲಿ ಫಿಜಿಯ ನಾಣ್ಯ ಸಿಗುವುದು ಇದೇ ಕಾರಣಕ್ಕೆ.

ಈಗ ಲೋಹಕ್ಕೆ ಬರೋಣ. ವಿಜ್ಞಾನ ನಿಜವಾಗಿ ನೆರವಿಗೆ ಬರುವುದು ಇಲ್ಲಿ.

1942ರಲ್ಲಿ ಯುದ್ಧ ಪೆಸಿಫಿಕ್ಕಿನಲ್ಲಿ ಹಬ್ಬಿದಾಗ ಲಂಡನ್ನಿನಿಂದ ಫಿಜಿಗೆ ನಾಣ್ಯ ಸಾಗಿಸುವುದು ಅಪಾಯದ ಮಾತಾಯಿತು. ಆ ವರ್ಷ ಮತ್ತು 1943ರಲ್ಲಿ ಫಿಜಿಯ ನಾಣ್ಯಗಳನ್ನು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಟಂಕಸಾಲೆ ತಯಾರಿಸಿತು. ಅವುಗಳ ಮೇಲೆ ಸಣ್ಣದಾಗಿ ‘ಎಸ್’ ಅಕ್ಷರವಿದೆ. ನಮ್ಮ ರೂಪಾಯಿಯ ಇಸವಿಯ ಕೆಳಗೆ ಮುಂಬಯಿಯ ವಜ್ರಾಕೃತಿ, ಹೈದರಾಬಾದಿನ ನಕ್ಷತ್ರ ಹುಡುಕುವವರಿಗೆ ಇದು ಹೊಸದಲ್ಲ. ಆದರೆ ಫಿಜಿಯಲ್ಲಿ ಆ ಅಕ್ಷರ ಊರನ್ನಷ್ಟೇ ಅಲ್ಲ, ಲೋಹವನ್ನೂ ಹೇಳುತ್ತದೆ. ಬ್ರಿಟಿಷರ ಲೆಕ್ಕದಲ್ಲಿ ಫಿಜಿಯ ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ 50 ಭಾಗ ಬೆಳ್ಳಿ. ಅಮೆರಿಕದ ಟಂಕಸಾಲೆ ತನ್ನ ವಾಡಿಕೆಯಂತೆ 90 ಭಾಗ ಬೆಳ್ಳಿ ಹಾಕಿತು. ತೂಕ ಅದೇ, ಅಗಲ ಅದೇ, ಬೆಳ್ಳಿ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಪೆನ್ನಿ, ಅರ್ಧ ಪೆನ್ನಿಗಳ ಕಥೆ ತಿರುವುಮುರುವು: ನಿಕ್ಕಲ್ ಯುದ್ಧಸಾಮಗ್ರಿಗೆ ಬೇಕಿದ್ದರಿಂದ ಅವು ತಾಮ್ರ-ನಿಕ್ಕಲ್ ಬಿಟ್ಟು ಹಿತ್ತಾಳೆಗೆ ಇಳಿದವು. ನಮ್ಮ ದೇಶದಲ್ಲೂ 1943ರಲ್ಲಿ ಲೋಹ ಉಳಿಸಲೆಂದೇ ತೂತಿನ ಪೈಸೆ ಬಂದದ್ದನ್ನು ಹಿರಿಯರು ಬಲ್ಲರು.

ಅಕ್ಷರ ಸವೆದಿದ್ದರೆ, ಅಥವಾ ಯಾರೋ ನಕಲಿ ಮಾಡಿದ್ದಾರೆಂಬ ಅನುಮಾನ ಬಂದರೆ, ಒಳಗಿನ ಲೋಹವನ್ನು ತಿಳಿಯುವುದು ಹೇಗೆ? ನಾಣ್ಯಕ್ಕೆ ಗೀರು ಹಾಕದೆ, ಆಮ್ಲ ತಾಗಿಸದೆ ಮಾಡಬಹುದಾದ ಪರೀಕ್ಷೆ ಆರ್ಕಿಮಿಡೀಸನ ಕಾಲದ್ದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಚಿನಿವಾರರ ಅಂಗಡಿಗಳಲ್ಲಿ ಇಂಥದ್ದೇ ಇರುತ್ತದೆ. ಮೊದಲು ನಾಣ್ಯವನ್ನು ಒಣಗಿದಂತೆಯೇ ತೂಗಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ತೆಳ್ಳನೆಯ ದಾರಕ್ಕೆ ನಾಣ್ಯ ಕಟ್ಟಿ, ಲೋಟದ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. ನೀರಿನ ಸಾಂದ್ರತೆ ಒಂದು ಎಂದಿಟ್ಟುಕೊಂಡರೆ ಅದೇ ನಾಣ್ಯದ ಗಾತ್ರ. ಮೊದಲಿನ ತೂಕವನ್ನು ಇದರಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ.

ಫಿಜಿಯ ಫ್ಲಾರಿನ್ ಹೊಸದಾಗಿದ್ದಾಗ 11.31 ಗ್ರಾಂ. ಅದು 90 ಭಾಗ ಬೆಳ್ಳಿಯದಾದರೆ ಸಾಂದ್ರತೆ ಸುಮಾರು 10.3, ಲೋಟದ ಅಂಕಿ 1.10ರ ಆಸುಪಾಸು. ಅರ್ಧ ಬೆಳ್ಳಿಯದಾದರೆ ಸಾಂದ್ರತೆ 9.5ರ ಹತ್ತಿರ, ಅಂಕಿ 1.19. ಮುಂದಿನ ಕಾಲದ ತಾಮ್ರ-ನಿಕ್ಕಲ್ ಫ್ಲಾರಿನ್ ಆದರೆ ಸಾಂದ್ರತೆ 8.9, ಅಂಕಿ 1.27. ಕಣ್ಣಿಗೆ ಮೂರೂ ಬಿಳಿಯ ಬಿಲ್ಲೆಗಳೇ. ನೀರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಂಕಿ ತಪ್ಪುತ್ತದೆ, ಅದನ್ನು ಅಲುಗಿಸಿ ಬಿಡಿಸಿಕೊಳ್ಳಬೇಕು. ತೂತಿನ ನಾಣ್ಯಕ್ಕೆ ಈ ವಿಧಾನ ಇನ್ನೂ ಉಪಯುಕ್ತ. ಅಳತೆಗೋಲಿನಿಂದ ಅದರ ಗಾತ್ರ ಲೆಕ್ಕ ಹಾಕುವುದು ತಲೆನೋವು, ನೀರು ತೂತಿನೊಳಗೂ ನುಗ್ಗಿ ಸರಿಯಾದ ಲೆಕ್ಕ ಕೊಡುತ್ತದೆ.

ಇತ್ತೀಚಿನ ನಾಣ್ಯಗಳಿಗೆ ಅಯಸ್ಕಾಂತ ಸಾಕು. ಬೆಳ್ಳಿ, ಹಿತ್ತಾಳೆ, ತಾಮ್ರ-ನಿಕ್ಕಲ್ ಮಿಶ್ರಲೋಹ ಇವು ಯಾವುವೂ ಅದಕ್ಕೆ ಅಂಟುವುದಿಲ್ಲ. 1990ರಿಂದೀಚೆಗೆ ಫಿಜಿಯ ಬಿಳಿ ನಾಣ್ಯಗಳು ನಿಕ್ಕಲ್ ಹೊದಿಸಿದ ಉಕ್ಕಿನವು, ಅವು ಅಂಟುತ್ತವೆ. 1942ರ ಇಸವಿಯಿರುವ ಫ್ಲಾರಿನ್ ಅಯಸ್ಕಾಂತಕ್ಕೆ ಅಂಟಿದರೆ ಮುಂದಿನ ಪರೀಕ್ಷೆಯ ಅಗತ್ಯವೇ ಇಲ್ಲ.

ಎಕ್ಸ್‌ರೇ ಪ್ರತಿದೀಪ್ತಿ ಯಂತ್ರ ಈಗ ಅನೇಕ ಚಿನ್ನದ ಅಂಗಡಿಗಳಲ್ಲಿದೆ. ಎಕ್ಸ್‌ಕಿರಣ ಬಿದ್ದಾಗ ಪ್ರತಿ ಧಾತು ತನ್ನದೇ ಶಕ್ತಿಯ ಕಿರಣ ಹೊಮ್ಮಿಸುತ್ತದೆ. ಯಂತ್ರ ಅದನ್ನು ಎಣಿಸಿ ಶೇಕಡಾವಾರು ಹೇಳುತ್ತದೆ. ಅದರ ಮಾತನ್ನು ಕಣ್ಣುಮುಚ್ಚಿ ಒಪ್ಪಬಾರದು. ಅದು ನೋಡುವುದು ಮೇಲಿನ ಕೂದಲೆಳೆಯಷ್ಟು ದಪ್ಪವನ್ನು ಮಾತ್ರ. ಬೆಳ್ಳಿ ಲೇಪದ ನಕಲಿ ಅದನ್ನು ಏಮಾರಿಸಬಲ್ಲದು. ಸಮುದ್ರದ ಉಪ್ಪುನೀರಿನಲ್ಲೋ ತೇವದ ಮಣ್ಣಿನಲ್ಲೋ ಬಹುಕಾಲ ಇದ್ದ ಅಸಲಿ ನಾಣ್ಯದ ಮೇಲ್ಮೈಯಿಂದ ತಾಮ್ರ ಮೊದಲು ಕೊಚ್ಚಿಹೋಗಿರುತ್ತದೆ. ಆಗ ಯಂತ್ರ ಇರುವುದಕ್ಕಿಂತ ಹೆಚ್ಚು ಬೆಳ್ಳಿ ತೋರಿಸುತ್ತದೆ. ಯಂತ್ರ ಮತ್ತು ನೀರು ಎರಡೂ ಒಂದೇ ಉತ್ತರ ಕೊಟ್ಟಾಗ ನಂಬಬಹುದು.

ಲೋಹ ಗೊತ್ತಾದರೆ ಬೆಲೆಯ ನೆಲಗಟ್ಟು ಗೊತ್ತಾದಂತೆ. ನ್ಯೂಗಿನಿಯ 1945ರ ಶಿಲಿಂಗನ್ನೇ ನೋಡಿ. 5.38 ಗ್ರಾಂ ತೂಕ, ನೂರಕ್ಕೆ 92.5 ಬೆಳ್ಳಿ, ಅಂದರೆ ಐದು ಗ್ರಾಂಗೆ ತುಸು ಕಡಿಮೆ ಅಪ್ಪಟ ಬೆಳ್ಳಿ. ಯುದ್ಧಕಾಲದಲ್ಲಿ ಅಲ್ಲಿನ ಕೂಲಿಗಳ ಬಟವಾಡೆಗೆ ಬೇಕಾಗಿ ಅದನ್ನು 2 ಕೋಟಿ 80 ಲಕ್ಷ ಟಂಕಿಸಿದರು. ಜೇಬಿಲ್ಲದ ಉಡುಪಿನ ಜನ ದಾರಕ್ಕೆ ಪೋಣಿಸಿ ಒಯ್ಯಲೆಂದು ನಡುವೆ ತೂತು. ಸುಂದರವಾದ ನಾಣ್ಯ, ಮಹಾಯುದ್ಧದ ನೇರ ಸಾಕ್ಷಿ. ಆದರೂ ಇದರ ಬೆಲೆ ಬೆಳ್ಳಿಯ ಬೆಲೆಗಿಂತ ಬಹಳ ದೂರ ಹೋಗುವುದಿಲ್ಲ, ಏಕೆಂದರೆ ಬೇಕಾದವರಿಗೆಲ್ಲ ಸಾಲುವಷ್ಟು ಉಳಿದಿವೆ. ಸಂಗ್ರಹ ಶುರು ಮಾಡುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಕರಗಿಸುವಿಕೆ ಬೆಲೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೆ ಹವಾಯಿಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಹವಾಯಿ ಸ್ವತಂತ್ರ ರಾಜ್ಯವಾಗಿದ್ದಾಗ, ರಾಜ ಕಲಾಕೌಅನ ಮುಖವಿರುವ ಬೆಳ್ಳಿ ನಾಣ್ಯಗಳನ್ನು 1883ರ ಇಸವಿ ಹಾಕಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಟಂಕಿಸಲಾಯಿತು. ಒಟ್ಟು ಹತ್ತು ಲಕ್ಷ ಡಾಲರ್ ಮೌಲ್ಯದವು: ಡಾಲರ್ 5 ಲಕ್ಷ, ಅರ್ಧ ಡಾಲರ್ 7 ಲಕ್ಷ, ಕಾಲು ಡಾಲರ್ 5 ಲಕ್ಷ, ಹತ್ತು ಸೆಂಟು 2.5 ಲಕ್ಷ. 1898ರಲ್ಲಿ ಅಮೆರಿಕ ದ್ವೀಪಗಳನ್ನು ವಶಪಡಿಸಿಕೊಂಡಿತು. 1903ರ ಕಾನೂನು ಈ ನಾಣ್ಯಗಳನ್ನು ಹಿಂದಕ್ಕೆ ತರಿಸಿಕೊಂಡು ಕರಗಿಸಲು ಹೇಳಿತು. ಡಾಲರುಗಳು ಹೆಚ್ಚಾಗಿ ಬ್ಯಾಂಕು, ಖಜಾನೆಗಳಲ್ಲೇ ಕುಳಿತಿದ್ದ ದೊಡ್ಡ ಹಣ. ಅವು ಸುಲಭವಾಗಿ ಮರಳಿದವು. ಉಳಿದದ್ದು 46 ಸಾವಿರದಷ್ಟು, ಹತ್ತರಲ್ಲಿ ಒಂದೂ ಇಲ್ಲ. ಕಾಲು ಡಾಲರುಗಳು ಮಾತ್ರ ಹೆಚ್ಚುಕಡಿಮೆ ಅರ್ಧ ಉಳಿದುಕೊಂಡವು. ಟಂಕಿಸಿದ ಸಂಖ್ಯೆ ಎರಡಕ್ಕೂ 5 ಲಕ್ಷವೇ. ಇವತ್ತು ಕಾಲು ಡಾಲರ್ ಸಾಮಾನ್ಯ ಸಂಗ್ರಾಹಕನ ಕೈಗೆಟುಕುತ್ತದೆ, ಡಾಲರ್ ಅದರ ಹಲವು ಪಟ್ಟು. ಹಳೆಯ ಪುಸ್ತಕದಲ್ಲಿ ಟಂಕಣೆಯ ಸಂಖ್ಯೆ ನೋಡಿ ಬೆಲೆ ಊಹಿಸುವವರು ತಪ್ಪುವುದು ಹೀಗೆ.

ಹವಾಯಿಯ ನಾಣ್ಯಗಳಲ್ಲಿ ಇನ್ನೊಂದು ಅಪಾಯವಿದೆ. ರಾಜ್ಯ ಹೋದ ಮೇಲೆ ಅನೇಕರು ಅವನ್ನು ಪಿನ್ನು, ಗುಂಡಿ, ಪದಕಗಳಾಗಿ ಮಾಡಿಸಿಕೊಂಡರು. ಮುಂದೆ ಬೆಸುಗೆ ಕಿತ್ತು, ಉಜ್ಜಿ, ಮತ್ತೆ ನಾಣ್ಯವೆಂದೇ ಮಾರಲಾಯಿತು. ಅಂಚನ್ನೂ ಹಿಂಬದಿಯ ನಡುಭಾಗವನ್ನೂ ಭೂತಗನ್ನಡಿಯಲ್ಲಿ ನೋಡಿ. ಬೆಸುಗೆಯ ಕಲೆ ಕಂಡರೆ ಬೆಲೆ ಬಹಳವಾಗಿ ಇಳಿಯುತ್ತದೆ.

ಸಂಖ್ಯೆ ಚಿಕ್ಕದಾಗಿ, ಬೇಡಿಕೆಯೂ ದೊಡ್ಡದಾಗಿರುವ ಕಡೆ ಬೆಲೆ ಮುಗಿಲಿಗೇರುತ್ತದೆ. ಜರ್ಮನಿಯ ನ್ಯೂಗಿನಿ ಕಂಪನಿ ದ್ವೀಪದ ಒಂದು ಭಾಗವನ್ನು ಆಳುತ್ತಿದ್ದಾಗ 1894 ಮತ್ತು 1895ರಲ್ಲಿ ಬರ್ಲಿನ್ನಿನಲ್ಲಿ ನಾಣ್ಯ ಮಾಡಿಸಿತು. ಬೆಳ್ಳಿ ಮತ್ತು ಚಿನ್ನದ ನಾಣ್ಯಗಳಲ್ಲಿ ಸ್ವರ್ಗಪಕ್ಷಿ ತನ್ನ ಗರಿ ಚಾಚಿ ಕುಳಿತಿದೆ. ಹತ್ತು ಮಾರ್ಕಿನ ಚಿನ್ನದವು 2,000, ಇಪ್ಪತ್ತು ಮಾರ್ಕಿನವು 1,500. ಜರ್ಮನ್ ವಸಾಹತು ಸಂಗ್ರಾಹಕರು, ಆಸ್ಟ್ರೇಲಿಯದವರು, ಪಕ್ಷಿಪ್ರಿಯರು ಎಲ್ಲರೂ ಬಯಸುವ ನಾಣ್ಯ. ಅದಕ್ಕೇ ನಕಲಿಗಳೂ ಬಹಳ. ತೂಕ, ಸಾಂದ್ರತೆ ನೋಡದೆ ಇದನ್ನು ಕೊಳ್ಳಲೇಬಾರದು.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿವೆ ಇಂದಿನ ಸಂಗ್ರಾಹಕರ ನಾಣ್ಯಗಳು. ಸುಮಾರು 1,700 ಜನರಿರುವ ನಿಯುವೆ ದ್ವೀಪದ ಹೆಸರಿನಲ್ಲಿ 2001ರಲ್ಲಿ ಪೋಕೆಮಾನ್ ನಾಣ್ಯಗಳು, 2011ರಲ್ಲಿ ಸ್ಟಾರ್ ವಾರ್ಸ್ ನಾಣ್ಯಗಳು ಬಂದವು. ಸುಮಾರು ಐವತ್ತು ಜನರಿರುವ ಪಿಟ್‌ಕೇರ್ನ್ ದ್ವೀಪಕ್ಕೂ 1988ರಿಂದ ನಾಣ್ಯಗಳಿವೆ. ಇವು ಕಾನೂನಿನ ಪ್ರಕಾರ ನಿಜವಾದ ನಾಣ್ಯಗಳೇ. ಚಿಕ್ಕ ದ್ವೀಪಗಳಿಗೆ ತಮ್ಮ ಹೆಸರು ಕೊಟ್ಟು ಆದಾಯ ಪಡೆಯುವ ಹಕ್ಕಿದೆ, ಅದರಲ್ಲಿ ತಪ್ಪು ಕಾಣುವುದು ಸರಿಯಲ್ಲ. ಆದರೆ ಕೊಳ್ಳುವವರು ಒಂದು ಮಾತು ತಿಳಿದಿರಬೇಕು. ಇಂಥವನ್ನು ಕೊಂಡವರೆಲ್ಲ ಪೆಟ್ಟಿಗೆಯಲ್ಲೇ ಜೋಪಾನ ಮಾಡುತ್ತಾರೆ. ಐದು ಸಾವಿರ ಟಂಕಿಸಿದರೆ ಐದು ಸಾವಿರವೂ ಹೊಚ್ಚಹೊಸದಾಗಿ ಉಳಿಯುತ್ತವೆ. ಸವೆತವಿಲ್ಲ, ಕಳೆದುಹೋಗುವುದಿಲ್ಲ, ಯಾರೂ ಕರಗಿಸುವುದಿಲ್ಲ. ‘ಸೀಮಿತ ಸಂಖ್ಯೆ’ ಎಂಬ ಪ್ರಮಾಣಪತ್ರ ಮುಂದಿನ ಬೆಲೆಯ ಭರವಸೆ ಅಲ್ಲ. ಇಷ್ಟವಾಗಿದ್ದರೆ ಕೊಳ್ಳಿ, ಹೂಡಿಕೆಯೆಂದು ಕೊಳ್ಳುವುದಾದರೆ ಅದರ ಬೆಳ್ಳಿಯ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಕೊನೆಯದು ನಾಣ್ಯದ ಮೈ. ಎರಡು ಅಚ್ಚುಗಳ ನಡುವೆ ಬಿಲ್ಲೆ ಒತ್ತಡಕ್ಕೆ ಸಿಕ್ಕಾಗ ಲೋಹ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಆ ಹರಿವು ಬಿಟ್ಟುಹೋದ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಬಿದ್ದಾಗ ಹೊಸ ನಾಣ್ಯದ ಮೇಲೆ ಹೊಳಪಿನ ಪಟ್ಟಿಯೊಂದು ಗಿರಗಿರನೆ ತಿರುಗಿದಂತೆ ಕಾಣುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಆ ಗೆರೆಗಳು ಅಳಿಸಿಹೋಗುತ್ತವೆ. ಉಳಿಯುವುದು ಬರೀ ಮಿಂಚು, ಬಲ್ಲವರು ಅದನ್ನು ತಕ್ಷಣ ಗುರುತಿಸುತ್ತಾರೆ. ಬೆಳ್ಳಿಯ ಮೇಲಿನ ಕಪ್ಪು ಬೆಳ್ಳಿಯ ಸಲ್ಫೈಡಿನ ತೆಳು ಪದರ, ಅದರಿಂದ ಹಾನಿಯಿಲ್ಲ. ಹಾನಿ ಮಾಡುವುದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂ. ವರ್ಷಗಳು ಕಳೆದಂತೆ ಅದರಿಂದ ಹೊರಬರುವ ಆಮ್ಲ ಮತ್ತು ಎಣ್ಣೆಯಂಥ ದ್ರವ ನಾಣ್ಯದ ತಾಮ್ರದೊಂದಿಗೆ ಸೇರಿ ಹಸಿರು ಅಂಟಾಗುತ್ತದೆ. ಪಾಲಿಯೆಸ್ಟರ್ ಹಾಳೆಯ ಹೊದಿಕೆ ಬಳಸಿ.

ನಿಮ್ಮ ಮನೆಯ ಡಬ್ಬಿಯಲ್ಲಿ, ಫಿಜಿಯಿಂದಲೋ ನ್ಯೂಜಿಲೆಂಡಿನಿಂದಲೋ ಬಂದ ನೆಂಟರು ಕೊಟ್ಟ ನಾಣ್ಯಗಳಿದ್ದರೆ ಮೊದಲು ತೂಗಿ, ಇಸವಿ ಮತ್ತು ಸಣ್ಣ ಅಕ್ಷರಗಳನ್ನು ಬರೆದಿಡಿ, ಯಾರು ಯಾವಾಗ ತಂದದ್ದೆಂದೂ ಚೀಟಿಯಲ್ಲಿ ಬರೆದಿಡಿ. ಬೆಲೆ ತಿಳಿಯಬೇಕಾದರೆ ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ. ಹರಾಜಿನಲ್ಲಿ ಅದೇ ಇಸವಿಯ, ಅದೇ ಸ್ಥಿತಿಯ ನಾಣ್ಯ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದನ್ನು ನೋಡಿ. ಯಾವ ಕಾರಣಕ್ಕೂ ಅವನ್ನು ತೊಳೆದು ಉಜ್ಜಬೇಡಿ.